ನಿಂತು ಹುಟ್ಟುಹಾಕುವ ಹಲಗೆ ಸ್ಪರ್ಧೆ ಹಾಗೂ ಸರ್ಫಿಂಗ್: ಒಳನಾಡಿನ ಆಸಕ್ತರಿಗೆ ಮಾಹಿತಿ

ಸ್ಟ್ಯಾಂಡ್ ಅಪ್ ಪ್ಯಾಡಲ್ ಎಂಬುದು ಉದ್ದನೆಯ ಹಲಗೆಯ ಮೇಲೆ ನಿಂತು, ಒಂದೇ ಹುಟ್ಟಿನಿಂದ ಮುಂದೆ ಸಾಗುವ ಜಲಕ್ರೀಡೆಯಾಗಿದೆ. ಸರ್ಫಿಂಗ್‌ಗೆ ಅಲೆ ಅನಿವಾರ್ಯ. ಇದಕ್ಕಾದರೋ ನಿಶ್ಚಲ ನೀರೂ ಸಾಕು. ಆದುದರಿಂದ ಪಾವಗಡ ತಾಲ್ಲೂಕಿನ ತಿರುಮಣಿಯಂತಹ, ಕಡಲಿನಿಂದ ಬಹುದೂರವಿರುವ ಗ್ರಾಮಗಳ ಯುವಜನರು ಈಜು ಕಲಿತ ನಂತರ ಮೊದಲಿಗೆ ಇದನ್ನೇ ಆಯ್ದುಕೊಳ್ಳುವುದು ಸೂಕ್ತ.

ರಾಜ್ಯದಲ್ಲಿ ಈ ಕ್ರೀಡೆಗಳ ಪ್ರಮುಖ ನೆಲೆ ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿ. ಇಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಮೂಲ್ಕಿಯಲ್ಲೇ ಪಳಗಿದ ತನ್ವಿ ಜಗದೀಶ್ ಅವರು 2017ರಲ್ಲಿ ಅಮೆರಿಕದ ಕೆರೊಲಿನಾ ಕಪ್ ಪ್ಯಾಡಲ್ ಪಂದ್ಯದಲ್ಲಿ ಸ್ಪರ್ಧಿಸಿದರು. ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೂ, ಮೇ ಅಂತ್ಯದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಕೂಟವೂ ಜರುಗಿದವು.

ಮುಂಗಾರಿನ ಹೊಸ್ತಿಲಲ್ಲಿ ಅಲೆಗಳು ಬಲಗೊಳ್ಳುವುದರಿಂದಲೇ ಸರ್ಫಿಂಗ್ ಕೂಟಗಳು ಆ ಅವಧಿಯಲ್ಲಿ ನಡೆಯುತ್ತವೆ. ಆದರೆ ಅದೇ ಕಡಲು ಹೊಸಬರಿಗೆ ಅತ್ಯಂತ ಅಪಾಯಕಾರಿ; ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ದೊಡ್ಡ ಅಲೆಗಳ ಸವಾರಿಯನ್ನು ಹಲವು ವರ್ಷಗಳ ಅಭ್ಯಾಸವಿಲ್ಲದೆ ಯತ್ನಿಸತಕ್ಕದ್ದಲ್ಲ.

ಹಲಗೆಗೂ ಕಾಲಿಗೂ ಕಟ್ಟುವ ಹಗ್ಗವು ಕಡಲಿನಲ್ಲಿ ಪ್ರಾಣರಕ್ಷಕ. ಹರಿಯುವ ಹೊಳೆಯಲ್ಲಾದರೆ ಅದೇ ಹಗ್ಗ ಮುಳುಗಿದ ಕೊಂಬೆಗೆ ಸಿಲುಕಿ ಸವಾರನನ್ನು ನೀರಿನಡಿ ಹಿಡಿದಿಡಬಹುದು. ಅಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುವ ಹಗ್ಗವನ್ನು ಬಳಸತಕ್ಕದ್ದು. ಲೈಫ್ ಜಾಕೆಟ್ ಎಲ್ಲೆಡೆಯೂ ಧರಿಸಬೇಕು.