ಪಟ್ಟಿಯೋ, ಚಂದಾವೋ? ಊರ ಮಕ್ಕಳ ಹಾಕಿ ಸುದ್ದಿಗೆ ಬೆಲೆ ಕಟ್ಟುವ ಲೆಕ್ಕ

ಚಿಕ್ಕೋಡಿಯ ಬಜಾರಿನಲ್ಲಾಗಲಿ, ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಾಗಲಿ, ಅಥಣಿಯ ಚಪ್ಪಲಿ ತಯಾರಕರ ಓಣಿಯಲ್ಲಾಗಲಿ, ವ್ಯಾಪಾರಸ್ಥರ ಗಲ್ಲೆಯ ಮುಂದೆ ವರ್ಷಕ್ಕೆ ಹಲವು ಬಾರಿ ಪಾವತಿ ಪುಸ್ತಕಗಳು ಬಂದು ನಿಲ್ಲುತ್ತವೆ. ಗಣೇಶೋತ್ಸವದ ಪಟ್ಟಿ, ಜಾತ್ರೆಯ ಕುಸ್ತಿಯ ಪಟ್ಟಿ, ತರುಣ ಮಂಡಳದ ಪಂದ್ಯಾವಳಿಯ ಪಟ್ಟಿ. ಕೇಳಿದವರ ಮುಖ ನೋಡಿ ಮೊತ್ತ ಬರೆಯುವುದು, ಪಾವತಿ ಹರಿದು ಗಲ್ಲೆಗೆ ಸೇರಿಸುವುದು, ಅಲ್ಲಿಗೆ ಮರೆಯುವುದು ಈ ಭಾಗದ ರೂಢಿ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಸ್ಥಳೀಯ ಸುದ್ದಿಯ ಅಂತರಜಾಲ ತಾಣಗಳೂ ಸೇರಿವೆ. ಅವುಗಳಿಗೆ ಕೊಡುವ ಜಾಹೀರಾತಿನ ಹಣವನ್ನೂ ಬಹುಮಂದಿ ವ್ಯಾಪಾರಸ್ಥರು ಪಟ್ಟಿಯೆಂದೇ ಭಾವಿಸುತ್ತಾರೆ.

ಪಟ್ಟಿಗೂ ಚಂದಾಕ್ಕೂ ಇರುವ ವ್ಯತ್ಯಾಸ ಚಿಕ್ಕದಲ್ಲ. ಪಟ್ಟಿ ಕೊಟ್ಟವರು ಲೆಕ್ಕ ಕೇಳುವುದಿಲ್ಲ. ಚಂದಾ ಕೊಟ್ಟವರು ಸಂಚಿಕೆ ಬಾರದಿದ್ದರೆ ಕೇಳುತ್ತಾರೆ. ಮೊದಲನೆಯದು ಸಂಕೋಚದಿಂದ ಹುಟ್ಟುವ ಹಣ, ಎರಡನೆಯದು ಒಂದು ಸೇವೆಯ ಬೆಲೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮಕ್ಕಳ ಹಾಕಿ ಹಾಗೂ ಇತರ ಆಟಗಳ ಸುದ್ದಿಗಾಗಿಯೇ ಯಾರಾದರೂ ಒಂದು ತಾಣವನ್ನು ತೆರೆದು, ಓದುಗರಿಂದ ಸದಸ್ಯತ್ವ ಶುಲ್ಕ ಪಡೆದು ನಡೆಸಬಯಸಿದರೆ ಅದು ನಿಲ್ಲಬಲ್ಲುದೇ? ಉತ್ತರವು ಆ ಹಣ ಇವೆರಡರಲ್ಲಿ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ.

ಕೊಡಗಿನ ಕಪ್ ಮತ್ತು ಲಂಕೇಶರ ಪತ್ರಿಕೆ

ಹಾಕಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗು. ಬೆಳಗಾವಿಯೂ ಈ ಆಟಕ್ಕೆ ಹೊರತಾದ ಊರಲ್ಲ; 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರು ಆಡಿದ್ದರು. ಆದರೆ ಆಟದ ಸುತ್ತ ಒಂದು ಸಮಾಜವೇ ಹಣ ಹೂಡಿ ನಿಂತ ನಿದರ್ಶನ ಕೊಡಗಿನದೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅಂದು 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಪಾಲ್ಗೊಂಡು ಗಿನ್ನೆಸ್ ದಾಖಲೆಯಾಯಿತು.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದುದು ಹಣದ ವ್ಯವಸ್ಥೆಯನ್ನು. ಪ್ರತಿ ವರ್ಷ ಒಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್‌ಗೆ ಆ ಕುಟುಂಬದ ಹೆಸರೇ ಬರುತ್ತದೆ, ಮರುವರ್ಷ ಹೊಣೆ ಮತ್ತೊಂದು ಕುಟುಂಬಕ್ಕೆ ದಾಟುತ್ತದೆ. ಮನೆತನದ ಮಾನ ಅದರಲ್ಲಿ ಅಡಗಿರುವುದರಿಂದ ಹಣ ಕೂಡುತ್ತದೆ. ಅಂದರೆ ಇದು ನಮ್ಮ ಪಟ್ಟಿಯದೇ ಉತ್ತಮ ರೂಪ. ಉತ್ಸವಕ್ಕೆ ಅದು ಸಾಕು. ಆದರೆ ಸುದ್ದಿ ಉತ್ಸವವಲ್ಲ. ಮಳೆಗಾಲದ ಮಂಗಳವಾರ ರಾಯಬಾಗದಲ್ಲಿ ನಡೆದ ಪಂದ್ಯಕ್ಕೂ ಒಬ್ಬ ವರದಿಗಾರ ಹೋಗಿರಬೇಕು. ಮಾನಕ್ಕಾಗಿ ವರ್ಷಕ್ಕೊಮ್ಮೆ ಕೊಡುವವರು ತಿಂಗಳು ತಿಂಗಳು ಕೊಡಲಾರರು.

ಓದುಗರ ಹಣದಿಂದಲೇ ಪತ್ರಿಕೆ ನಡೆಸುವುದು ಕನ್ನಡಕ್ಕೆ ಹೊಸದೂ ಅಲ್ಲ. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ 'ಲಂಕೇಶ್ ಪತ್ರಿಕೆ' ಜಾಹೀರಾತು ಪಡೆಯದೆ, ಪ್ರತಿಗಳ ಮಾರಾಟದ ಹಣದಿಂದಲೇ ಬದುಕಿತು. ಅದಕ್ಕೆ ರಾಜ್ಯವಿಡೀ ಓದುಗರಿದ್ದರು ಎಂಬುದನ್ನು ಮರೆಯುವಂತಿಲ್ಲ. ಹೊರನಾಡಿನ ಸಮೀಪದ ಉದಾಹರಣೆ ಅಮೆರಿಕದ 'ದಿ ಅಥ್ಲೆಟಿಕ್'. 2016ರಲ್ಲಿ ಷಿಕಾಗೊ ನಗರದ ತಂಡಗಳ ಸುದ್ದಿಯೊಂದಿಗೆ, ಜಾಹೀರಾತಿಲ್ಲದೆ ಆರಂಭವಾದ ಈ ಚಂದಾ ತಾಣ ಒಂದೊಂದೇ ನಗರಕ್ಕೆ ಹರಡಿತು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಸ್ಥೆ ಅದನ್ನು 55 ಕೋಟಿ ಡಾಲರಿಗೆ ಕೊಂಡಿತು. ಆಗ ಅದಕ್ಕೆ ಸುಮಾರು 12 ಲಕ್ಷ ಚಂದಾದಾರರಿದ್ದರು, ಆದರೂ ನಷ್ಟದಲ್ಲಿತ್ತು. ಲಾಭದ ಮುಖ ಕಂಡದ್ದು 2024ರಲ್ಲಿ. ಚಂದಾದಾರರ ಸಂಖ್ಯೆಯನ್ನಷ್ಟೇ ನೋಡಿ ಹಿಗ್ಗುವವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಲೇಸು.

ದಿನಕ್ಕೊಂದು ರೂಪಾಯಿ

ಐದು ತಾಲ್ಲೂಕುಗಳಿಗೆ ಸೀಮಿತವಾದ ತಾಣದ ಖರ್ಚನ್ನು ಉದಾಹರಣೆಗಾಗಿ ಅಂದಾಜು ಮಾಡೋಣ. ಪೂರ್ಣಾವಧಿಯ ಒಬ್ಬ ವರದಿಗಾರನಿಗೆ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 1,80,000. ತಾಲ್ಲೂಕಿಗೊಬ್ಬರಂತೆ ಐವರು ಸಹಾಯಕರಿಗೆ ಪಂದ್ಯಗಳ ಆರು ತಿಂಗಳು ತಲಾ 2,000ದಂತೆ 60,000. ಪ್ರಯಾಣಕ್ಕೆ 36,000, ತಾಣದ ನಿರ್ವಹಣೆ ಮತ್ತು ದೂರವಾಣಿಗೆ 24,000, ವರ್ಷಾಂತ್ಯದಲ್ಲಿ ಎಲ್ಲ ಫಲಿತಾಂಶಗಳ ಮುದ್ರಿತ ಪುಸ್ತಿಕೆ ಮತ್ತು ಲೆಕ್ಕಪತ್ರದ ವೆಚ್ಚ 40,000. ಒಟ್ಟು 3,40,000 ರೂಪಾಯಿ. ಮಾಲೀಕರ ಶ್ರಮಕ್ಕೆ ಇದರಲ್ಲಿ ಒಂದು ಪೈಸೆಯನ್ನೂ ಹಿಡಿದಿಲ್ಲ.

ಸದಸ್ಯತ್ವವನ್ನು ದಿನಕ್ಕೊಂದು ರೂಪಾಯಿಯಂತೆ ವರ್ಷಕ್ಕೆ 365 ರೂಪಾಯಿ ಎಂದಿಟ್ಟರೆ 932 ಸದಸ್ಯರು ಬೇಕು, ತಾಲ್ಲೂಕಿಗೆ 187ರಷ್ಟು. ಹಾಕಿಯೊಂದನ್ನೇ ನಂಬಿ ಈ ಭಾಗದಲ್ಲಿ ಇಷ್ಟು ಜನರನ್ನು ಕೂಡಿಸುವುದು ದುಸ್ತರ. ಕಬಡ್ಡಿ, ಖೋಖೋ, ಕುಸ್ತಿಗಳನ್ನು ಸೇರಿಸಿಕೊಂಡರೆ ಅಸಾಧ್ಯವೇನಲ್ಲ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲಾ ಕ್ರೀಡಾಕೂಟಗಳಲ್ಲಿ ಆಡುವ ಮಕ್ಕಳ ಪಾಲಕರು, ದೈಹಿಕ ಶಿಕ್ಷಕರು, ಪುಣೆ ಮುಂಬಯಿಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಸಹಜ ಗ್ರಾಹಕರು. ನಿಪ್ಪಾಣಿ ಮತ್ತು ಕಾಗವಾಡದ ಕಡೆ ಮರಾಠಿಯಲ್ಲೂ ಸುದ್ದಿ ಒದಗಿಸದಿದ್ದರೆ ಅರ್ಧ ಗಿರಾಕಿಯನ್ನು ಬಾಗಿಲಲ್ಲೇ ಬಿಟ್ಟಂತೆ.

ಇದೇ ತಾಣ ಜಾಹೀರಾತನ್ನು ನಂಬಿ, ಇಪ್ಪತ್ತು ಅಂಗಡಿಗಳಿಂದ ತಿಂಗಳಿಗೆ ಸಾವಿರದಂತೆ 2,40,000 ರೂಪಾಯಿ ಪಡೆಯುತ್ತದೆ ಎನ್ನಿ. ಐದು ಅಂಗಡಿಗಳು ಕೈಬಿಟ್ಟರೆ 60,000 ಖೋತಾ; ಐವರೂ ಸಹಾಯಕರ ಭತ್ಯೆ ಅಲ್ಲಿಗೆ ಮುಗಿಯಿತು. ಐವರು ಸದಸ್ಯರು ಬಿಟ್ಟುಹೋದರೆ ನಷ್ಟ 1,825 ರೂಪಾಯಿ ಮಾತ್ರ. ಹಲವರು ಕೊಡುವ ಸಣ್ಣ ಹಣದ ಬಲ ಇದು. ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನೂ ಹಾಲಿನ ಸಂಘಗಳನ್ನೂ ಕಟ್ಟಿದ ಈ ನೆಲಕ್ಕೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಸಹಕಾರಿಯ ಷೇರಿನಂತೆ ಚಂದಾ ಒಮ್ಮೆ ಕಟ್ಟಿದರೆ ಉಳಿಯುವುದಿಲ್ಲ. ನೂರರಲ್ಲಿ ಅರವತ್ತು ಮಂದಿ ಮಾತ್ರ ನವೀಕರಿಸಿದರೆ ಎರಡನೆಯ ವರ್ಷ 373 ಹೊಸ ಸದಸ್ಯರನ್ನು ಹುಡುಕಬೇಕಾಗುತ್ತದೆ. ಮಕ್ಕಳು ಶಾಲೆ ಮುಗಿಸಿದೊಡನೆ ಪಾಲಕರ ಆಸಕ್ತಿಯೂ ಮುಗಿಯುವ ಈ ವ್ಯವಹಾರದಲ್ಲಿ ನಿಜವಾದ ಪರೀಕ್ಷೆ ಇದೇ.

ಹಣ ಕೈಗೆ ಬಂದೊಡನೆ ಆದಾಯವೆಂದು ಭಾವಿಸುವ ತಪ್ಪು ಇಲ್ಲಿ ಬಹು ಸುಲಭ. ಜೂನ್ 1ರಂದು 365 ರೂಪಾಯಿ ಕಟ್ಟಿದ ಸದಸ್ಯರಿಗೆ ಮಾರ್ಚ್ 31ರವರೆಗೆ ಸಲ್ಲುವ ಸೇವೆ 304 ದಿನಗಳದು. ಉಳಿದ 61 ರೂಪಾಯಿ ಅಂದಿಗೆ ಗಳಿಕೆಯಲ್ಲ, ಸದಸ್ಯರಿಗೆ ಕೊಡಬೇಕಾದ ಬಾಕಿ. 932 ಸದಸ್ಯರ ಲೆಕ್ಕದಲ್ಲಿ ಈ ಬಾಕಿ 56,852 ರೂಪಾಯಿ. ಜೂನ್‌ನಲ್ಲಿ ತುಂಬಿದ ಖಾತೆಯನ್ನು ಕಂಡು ಕ್ಯಾಮೆರಾ ಕೊಂಡವರು ಫೆಬ್ರವರಿಯಲ್ಲಿ ವರದಿಗಾರನ ಸಂಬಳಕ್ಕೆ ಸಾಲ ಎತ್ತುವುದು ಇದೇ ಕಾರಣಕ್ಕೆ.

ತೆರಿಗೆಯ ಮಾತು

ಮುದ್ರಿತ ದಿನಪತ್ರಿಕೆಗೆ ಜಿಎಸ್‌ಟಿ ಇಲ್ಲ. ಅದೇ ಸುದ್ದಿಯನ್ನು ಅಂತರಜಾಲದಲ್ಲಿ ಚಂದಾ ಪಡೆದು ಕೊಟ್ಟರೆ ಶೇಕಡಾ 18. ಮುದ್ರಣ ಮಾಧ್ಯಮದ ಜಾಹೀರಾತು ಸ್ಥಳಕ್ಕೆ ಶೇಕಡಾ 5, ಅಂತರಜಾಲದ ಜಾಹೀರಾತಿಗೆ ಶೇಕಡಾ 18. ಈ ತಾರತಮ್ಯ ನ್ಯಾಯವೇ ಎಂಬುದು ಬೇರೆ ಚರ್ಚೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ಮೀರದಿದ್ದರೆ ನೋಂದಣಿಯೇ ಬೇಕಿಲ್ಲವಾದ್ದರಿಂದ 3,40,000ದ ತಾಣಕ್ಕೆ ಚಿಂತೆಯಿಲ್ಲ ಎಂದು ತೋರುತ್ತದೆ. ಮಿರಜ, ಕೊಲ್ಲಾಪುರಗಳ ಸದಸ್ಯರಿಂದ ಶುಲ್ಕ ಪಡೆದರೂ ಭಯವಿಲ್ಲ. ಅಂತರರಾಜ್ಯ ಸೇವೆಗೂ ಈ ಮಿತಿಯ ರಿಯಾಯಿತಿ 2017ರ ಅಕ್ಟೋಬರ್‌ನಿಂದ ಇದೆ.

ತೊಡಕು ಇರುವುದು ಬೇರೆ ಕಡೆ. ವಹಿವಾಟಿನ ಮಿತಿಯನ್ನು ಎಣಿಸುವುದು ಪ್ಯಾನ್ ಸಂಖ್ಯೆಯ ಮೇಲೆ. ಈಗಾಗಲೇ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರೊಬ್ಬರು ಮಗನ ಹವ್ಯಾಸಕ್ಕೆಂದು ತಮ್ಮದೇ ಹೆಸರಿನಲ್ಲಿ ತಾಣ ತೆರೆದರೆ ಮೊದಲ ಸದಸ್ಯರಿಂದಲೇ ತೆರಿಗೆ ಸಲ್ಲಬೇಕು. ಆಗ 365 ರೂಪಾಯಿಯಲ್ಲಿ ಸುಮಾರು 56 ರೂಪಾಯಿ ಸರ್ಕಾರದ ಪಾಲು, ಕೈಗುಳಿಯುವುದು 309. ಅದೇ ಖರ್ಚಿಗೆ 932ರ ಬದಲು 1,100 ಸದಸ್ಯರು ಬೇಕಾಗುತ್ತಾರೆ! ನಾಲ್ಕಾರು ಮಂದಿ ಸೇರಿ ಪ್ರತ್ಯೇಕ ಪಾಲುದಾರಿಕೆಯನ್ನೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನೋ ಮಾಡಿಕೊಳ್ಳುವುದು ವಿವೇಕ. ನೋಂದಾಯಿತ ಅಂಗಡಿಕಾರರು ಜಾಹೀರಾತಿನ ಮೇಲೆ ಕೊಟ್ಟ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಪಾಲಕರಿಗೆ ಆ ಅನುಕೂಲವಿಲ್ಲ, ತೆರಿಗೆಯ ಪೂರ್ಣ ಭಾರ ಅವರದೇ.

ಶುಲ್ಕವನ್ನು ಯುಪಿಐ ಮೂಲಕ ಪಡೆಯುವುದರಿಂದ ಇಂಥ ಸಣ್ಣ ಮೊತ್ತದ ವಸೂಲಿ ಸಾಧ್ಯವಾಗಿದೆ. ಹಿಂದೆ ಮನಿಯಾರ್ಡರಿನ ಖರ್ಚೇ ಚಂದಾವನ್ನು ಕಚ್ಚುತ್ತಿತ್ತು. ಆದರೆ ಸಂಪಾದಕರ ಸ್ವಂತ ಮೊಬೈಲ್ ಸಂಖ್ಯೆಗೆ ಹಣ ಹಾಕಿಸಿಕೊಳ್ಳುವ ಪದ್ಧತಿ ಬೇಡ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಸ್ಥರಿಗೆ ನೋಟಿಸ್ ನೀಡಿದಾಗ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಸದಸ್ಯರಿಗೆ ತಿಳಿಯದಂತೆ ನವೀಕರಣದ ಹಣ ಕಡಿತವಾಗುವ ಏರ್ಪಾಡೂ ಸಲ್ಲದು. ಬಿಡಲು ಬಯಸುವ ಚಂದಾದಾರರಿಗೆ ದಾರಿ ಸಿಗದಂತೆ ಮಾಡುವುದನ್ನು 2023ರ ನವೆಂಬರ್‌ನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಅನುಚಿತವೆಂದು ಹೆಸರಿಸಿದೆ.

ಯಾರ ಮಗುವಿನ ಹೆಸರು?

ಇಷ್ಟೂ ಲೆಕ್ಕ ಸರಿಹೋದ ಬಳಿಕ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಈ ತಾಣ ಮಾರುವ ಸರಕು ಮಕ್ಕಳ ಹೆಸರು ಮತ್ತು ಭಾವಚಿತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಹೊರಬಂದಿದ್ದು ಹಂತಹಂತವಾಗಿ ಜಾರಿಗೆ ಬರಬೇಕಿವೆ. ಸದಸ್ಯತ್ವದ ಅರ್ಜಿಯಲ್ಲೇ ಪಾಲಕರ ಒಪ್ಪಿಗೆಗೆ ಸ್ಥಳವಿಟ್ಟರೆ ಕೆಲಸ ಅರ್ಧ ಹಗುರ. ಸದಸ್ಯರಲ್ಲದವರ ಮಕ್ಕಳ ವಿಷಯದಲ್ಲಿ ಶಾಲೆಯ ಮೂಲಕ ಪ್ರತ್ಯೇಕವಾಗಿ ಕೇಳಲೇಬೇಕು.

ಕಾನೂನಿಗಿಂತ ಸೂಕ್ಷ್ಮವಾದುದು ಸಂಪಾದಕರ ನಡೆ. ಚಂದಾ ಕೊಟ್ಟ ತಂದೆ ತನ್ನ ಮಗನ ಹೆಸರು ಬರಲೇಬೇಕೆಂದು ಬಯಸುವುದು ಸಹಜ. ಗೋಲು ಹೊಡೆದ ಹುಡುಗನ ತಂದೆ ಉಗಾರದ ಗದ್ದೆಯಲ್ಲಿ ಕಬ್ಬು ಕಡಿಯುವವನಾಗಿದ್ದು ಸದಸ್ಯನಲ್ಲದಿದ್ದರೆ? ತಂಡದ ಆಯ್ಕೆಯಲ್ಲಿ ಪಕ್ಷಪಾತವೆಂಬ ದೂರು ಬಂದು, ಆಯ್ಕೆ ಸಮಿತಿಯಲ್ಲಿ ದೊಡ್ಡ ಜಾಹೀರಾತುದಾರರೇ ಕುಳಿತಿದ್ದರೆ? ವಯಸ್ಸಿನ ದಾಖಲೆ ತಿದ್ದಿ ಕಿರಿಯರ ತಂಡದಲ್ಲಿ ಆಡಿಸುವುದು ದೇಶದ ಕ್ರೀಡೆಗೆ ಅಂಟಿದ ಹಳೆಯ ರೋಗ. ಕೇಂದ್ರ ಸರ್ಕಾರ 2010ರಲ್ಲಿ ಅದರ ವಿರುದ್ಧ ರಾಷ್ಟ್ರೀಯ ಸಂಹಿತೆಯನ್ನೇ ಹೊರಡಿಸಬೇಕಾಯಿತು. ಇವನ್ನು ಬರೆಯಲಾಗದ ತಾಣವು ಅಭಿನಂದನೆಯ ಫಲಕವಷ್ಟೇ ಆಗುತ್ತದೆ, ಫಲಕಕ್ಕೆ ವರ್ಷವಿಡೀ ಚಂದಾ ಕೊಡುವವರು ಸಿಗುವುದಿಲ್ಲ. ಆಟದ ಫಲಿತಾಂಶ ಮತ್ತು ಆಡಿದವರ ಹೆಸರುಗಳನ್ನು ಎಲ್ಲರಿಗೂ ಉಚಿತವಾಗಿಟ್ಟು, ವಿಸ್ತೃತ ವರದಿ, ಹಳೆಯ ದಾಖಲೆಗಳ ಸಂಗ್ರಹ, ವಾರ್ಷಿಕ ಪುಸ್ತಿಕೆಗಳನ್ನು ಸದಸ್ಯರಿಗೆ ಮೀಸಲಿಡುವುದು ನ್ಯಾಯವೂ ಹೌದು, ವ್ಯಾಪಾರವೂ ಹೌದು. ಫಲಿತಾಂಶಕ್ಕೆ ಬೀಗ ಹಾಕಿದರೂ ಅದು ಹತ್ತು ನಿಮಿಷದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು ನಿಶ್ಚಿತ.

ವ್ಯಾಪಾರಸ್ಥರು ಇದಕ್ಕೆ ನೆರವಾಗಬಯಸಿದರೆ ಜಾಹೀರಾತಿಗಿಂತ ಮೇಲಾದ ದಾರಿಯೊಂದಿದೆ. ತಮ್ಮೂರ ಸರ್ಕಾರಿ ಶಾಲೆಯ ಹತ್ತು ಆಟಗಾರರ ಹೆಸರಿನಲ್ಲಿ ಹತ್ತು ಸದಸ್ಯತ್ವಗಳನ್ನು 3,650 ರೂಪಾಯಿಗೆ ಕೊಂಡು, ರಸೀದಿ ಪಡೆದು, ಸುದ್ದಿ ಬರದಿದ್ದರೆ ದೂರವಾಣಿ ಮಾಡಿ ಕೇಳುವುದು. ವಸೂಲಿಗೆ ಮನೆಮನೆ ತಿರುಗುವ ಅಗತ್ಯವೂ ಇಲ್ಲ. ಶಾಲೆಗಳು ತೆರೆಯುವ ವಾರದಲ್ಲಿ ಪಾಲಕರೆಲ್ಲ ನೋಟ್‌ಬುಕ್ ಕೊಳ್ಳಲು ಬರುವ ಸ್ಟೇಷನರಿ ಅಂಗಡಿಯ ಗಲ್ಲೆಯ ಮೇಲೆ ತಾಣದ ಖಾತೆಯ ಕ್ಯೂಆರ್ ಫಲಕವನ್ನೂ, ಹಿಂದಿನ ವರ್ಷದ ಜಮಾಖರ್ಚಿನ ಒಂದು ಪುಟವನ್ನೂ ಇಟ್ಟರಾಯಿತು.