ಸರದಿಯ ನ್ಯಾಯ

ಮಾತಾಗಲಿ, ಚಿತ್ರವಾಗಲಿ, ಗಣಕಜಾಲದಲ್ಲಿ ಸಂಚರಿಸುವುದು ಪ್ಯಾಕೆಟ್ ಎಂಬ ಪುಟ್ಟ ಕಟ್ಟುಗಳಾಗಿ. ಜಾಲದ ಕವಲುಗಳಲ್ಲಿರುವ ಸ್ವಿಚ್ಚು ಅವನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಕಳುಹಿಸುತ್ತದೆ. ಯಾವುದು ಯಾವ ಸಾಲಿಗೆ ಸೇರಬೇಕೆಂಬುದನ್ನು ಸಾಂಪ್ರದಾಯಿಕ ಜಾಲದಲ್ಲಿ ಆಯಾ ಸ್ವಿಚ್ಚೇ ನಿರ್ಧರಿಸುತ್ತದೆ. ತಂತ್ರಾಂಶ-ನಿಯಂತ್ರಿತ ಜಾಲದಲ್ಲಾದರೋ ಆ ಅಧಿಕಾರ ಕೇಂದ್ರದ ನಿಯಂತ್ರಕನದು. 2008ರಲ್ಲಿ ಬಂದ ಓಪನ್‌ಫ್ಲೋ ಇದಕ್ಕೆ ದಾರಿ ಮಾಡಿತು. ನಿಯಮವನ್ನು ಬದಲಿಸುವುದು ಸುಲಭವಾಯಿತು. ಆದರೆ ಯಾವ ನಿಯಮ ಉತ್ತಮವೆಂದು ಅಳೆಯುವ ಬಗೆ ಹೇಗೆ?

ಒಂದು ಲೆಕ್ಕವನ್ನು ನೋಡೋಣ. ಸೆಕೆಂಡಿಗೆ 1 ಕೋಟಿ ಬಿಟ್ ಸಾಗಿಸುವ ತಂತಿಗೆ 1,500 ಬೈಟುಗಳ ಪ್ಯಾಕೆಟ್ಟನ್ನು ಕಳುಹಿಸಲು 1.2 ಮಿಲಿಸೆಕೆಂಡು ಬೇಕು. ದೊಡ್ಡ ಕಡತವೊಂದರ ಇಂಥ 100 ಪ್ಯಾಕೆಟ್ಟುಗಳ ಹಿಂದೆ ದೂರವಾಣಿಯ ಮಾತು ನಿಂತರೆ 120 ಮಿಲಿಸೆಕೆಂಡು ಕಾಯಬೇಕು. ಮಾತುಕತೆಗೆ ತೊಡಕಾಗದಿರಲು ಒಟ್ಟು ವಿಳಂಬ 150 ಮಿಲಿಸೆಕೆಂಡಿನೊಳಗಿರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದರ ಬಹುಪಾಲು ಒಂದೇ ಕವಲಿನಲ್ಲಿ ಕಳೆದುಹೋಯಿತು! ಮಾತಿಗೆ ಬೇರೆ ಸಾಲನ್ನಿತ್ತು ಮೊದಲು ಬಿಟ್ಟರೆ, ಆಗಲೇ ಹೊರಟ ಒಂದು ಪ್ಯಾಕೆಟ್ಟಿಗಾಗಿ ಮಾತ್ರ, ಹೆಚ್ಚೆಂದರೆ 1.2 ಮಿಲಿಸೆಕೆಂಡು, ಕಾದರಾಯಿತು.

ಆದರೂ ಎರಡು ಕ್ರಮಗಳಲ್ಲಿಯೂ ತಂತಿಯ ದುಡಿಮೆ ಒಂದೇ. ಸಾಗಿದ ಮೊತ್ತವನ್ನಷ್ಟೇ ಅಳೆದವರಿಗೆ ಈ ಭೇದ ಕಾಣದು. ಇತ್ತ, ಅಗ್ರಸ್ಥಾನದ ಸಾಲು ಬರಿದಾಗದೆಯೇ ಇದ್ದರೆ ಹಿಂದಿನ ಸಾಲಿಗೆ ಉಪವಾಸವೇ ಗತಿ. ಆದುದರಿಂದ ಮೊತ್ತದೊಡನೆ ವಿಳಂಬ, ನಷ್ಟ, ಹಂಚಿಕೆಯ ಸಮತೆ ಇವನ್ನೂ ನಾವು ಅಳೆಯಬೇಕು. ಎಷ್ಟು ಸಾಗಿತೆಂಬುದರಷ್ಟೇ ಮುಖ್ಯ, ಯಾರು ಎಷ್ಟು ಕಾದರೆಂಬುದು.