ನಟ್ಟು ಬಿಗಿದ ಮೂವರು

ಎಂಟನೇ ತರಗತಿಯ ಮಕ್ಕಳಿಗೆ ಜಲಜನಕ ತೋರಿಸುವ ದಿನವೆಂದರೆ ನನಗೆ ಹಬ್ಬ. ಪ್ರನಾಳದಲ್ಲಿ ಸತುವಿನ ಚೂರು, ಅದರ ಮೇಲೆ ಸಾರರಿಕ್ತ ಆಮ್ಲ, ಬಾಯಿಗೆ ಬಿರಡೆ, ಬಿರಡೆಯಿಂದ ಸೋಪಿನ ನೀರಿಗಿಳಿಯುವ ನಳಿಕೆ. ಗುಳ್ಳೆಗೆ ಉರಿಯುವ ಕಡ್ಡಿ ಹಿಡಿದರೆ 'ಪಟ್'! ಬಿರಡೆ ಸಡಿಲವಾಗಿದ್ದರೆ ಗುಳ್ಳೆಯೇ ಏಳುವುದಿಲ್ಲ.

2022ರ ಸೆಪ್ಟೆಂಬರ್ 3ರಂದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ನಾಸಾದ ಚಂದ್ರಯಾನ ಆರ್ಟೆಮಿಸ್-1ರ ಉಡಾವಣೆ ನಿಂತುಹೋಯಿತು. ಕಾರಣ, ಇದೇ ಜಲಜನಕದ ಸೋರಿಕೆ. "ಅಷ್ಟು ದೊಡ್ಡ ನಾಸಾಗೆ ಒಂದು ಸೋರಿಕೆ ನಿಲ್ಲಿಸೋಕಾಗಲ್ವಾ ಮಿಸ್?" ಎಂದು ಮಕ್ಕಳು ಕೇಳಿದರು.

ಅದು ನಿಜಕ್ಕೂ ಕಷ್ಟ. ಜಲಜನಕದ ಅಣುವಿಗಿಂತ ಪುಟ್ಟ ಅಣು ಬೇರಿಲ್ಲ. ಕಣ್ಣಿಗೆ ಕಾಣದ ಸಂದಿಯೂ ಅದಕ್ಕೆ ಹೆಬ್ಬಾಗಿಲು. ರಾಕೆಟ್ಟಿಗೆ ಅದನ್ನು ದ್ರವವಾಗಿ, ಮೈನಸ್ 253 ಡಿಗ್ರಿಯಲ್ಲಿ, ಸುಮಾರು 20 ಲಕ್ಷ ಲೀಟರ್ ತುಂಬಬೇಕು. ಆ ಚಳಿಗೆ ಲೋಹ, ವಾಷರ್ ಎಲ್ಲವೂ ಕುಗ್ಗುತ್ತವೆ. ಬೆಸುಗೆ ಹಾಕೋಣವೆಂದರೆ, ರಾಕೆಟ್ ಮೇಲೇಳುವ ಕ್ಷಣಕ್ಕೆ ಇಂಧನ ತುಂಬುವ ಕೊಳವೆ ತಾನಾಗಿ ಕಳಚಿಕೊಳ್ಳಬೇಕು. ಅಂದು ಸೋರಿದ್ದು 8 ಅಂಗುಲದ ಅಂಥ ಜೋಡಣೆಯಲ್ಲೇ.

ಗಾಳಿಯಲ್ಲಿ ಶೇ. 4ರಷ್ಟು ಜಲಜನಕ ಸೇರಿದರೆ ಸಾಕು, ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಹಗಲಲ್ಲಿ ಆ ಜ್ವಾಲೆ ಕಾಣುವುದೂ ಕಷ್ಟ. ಅಂದು ಜೋಡಣೆಯ ಬಳಿ ಆ ಮಿತಿಯ ಎರಡು ಮೂರು ಪಟ್ಟು ಜಲಜನಕವಿತ್ತು. ಸೋರಿಕೆ ತಡೆಯುವ ಮೂರು ಯತ್ನಗಳೂ ಸೋತ ಮೇಲೆ, ಉಡಾವಣಾ ನಿರ್ದೇಶಕಿ ಚಾರ್ಲಿ ಬ್ಲ್ಯಾಕ್‌ವೆಲ್-ಥಾಂಪ್ಸನ್ 'ಇಂದು ಬೇಡ' ಎಂದರು. ಲೋಕವೇ ಕಾದು ಕುಳಿತಿದ್ದಾಗ ಹಾಗೆನ್ನಲು ಗಟ್ಟಿ ಗುಂಡಿಗೆ ಬೇಕು.

ನವೆಂಬರ್‌ನಲ್ಲಿ ಮತ್ತೆ ಇಂಧನ ತುಂಬುವಾಗ ಉಡಾವಣಾ ವೇದಿಕೆಯ ಒಂದು ವಾಲ್ವ್ ಸೋರಿತು. ಮೂವರು ತಂತ್ರಜ್ಞರು ಇಂಧನ ಹೊತ್ತ ರಾಕೆಟ್ಟಿನ ಬುಡಕ್ಕೇ ಹೋಗಿ ನಟ್ಟು ಬಿಗಿದು ಬಂದರು. 16ರಂದು, ನಮ್ಮಲ್ಲಿ ಮಧ್ಯಾಹ್ನ 12.17ಕ್ಕೆ, ರಾಕೆಟ್ ಏರಿತು.

ಎಂಜಿನ್ ಹೊತ್ತುವ ಮುಂಚೆ ಅದರಡಿ ನಕ್ಷತ್ರಕಡ್ಡಿಯಂತೆ ಕಿಡಿಗಳು ಹಾರುತ್ತವೆ. ಎಂಜಿನ್ನಿಗೆ ಬೆಂಕಿ ಕೊಡಲಿಕ್ಕಲ್ಲ. ಅಲ್ಲಿ ಸೇರಿಕೊಂಡ ಜಲಜನಕ ಒಮ್ಮೆಲೇ ಸಿಡಿಯದಂತೆ ಸ್ವಲ್ಪಸ್ವಲ್ಪವೇ ಸುಟ್ಟುಬಿಡಲು.

ಇದನ್ನೆಲ್ಲ ಹೇಳಿದ ಮೇಲಿನ ಪ್ರಯೋಗದ ದಿನ, ಕಡ್ಡಿ ಗೀರುವ ಮುಂಚೆ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, ಬಿರಡೆಯನ್ನು ಇನ್ನೊಮ್ಮೆ ಒತ್ತಿ ನೋಡಿದಳು.